ಸೇತುವೆಯ ಮುಂದೆ ಒಂದು ಜಪಸರದ ಹೊತ್ತು

ಆಂಟಿಯ ಎಡಗೈ ಹೆಬ್ಬೆರಳಿನ ತುದಿಯಲ್ಲಿ ಹುಣಸೆ ಬೀಜದಷ್ಟು ದೊಡ್ಡ, ಅಷ್ಟೇ ನುಣುಪಾದ ಒಂದು ಗಂಟು ಇತ್ತು. ಅಲ್ಲಿ ಚರ್ಮ ಹಳದಿಗಟ್ಟಿ ದಪ್ಪವಾಗಿತ್ತು. ಬಿಸಿ ಪಾತ್ರೆಯ ಅಂಚನ್ನು ಆ ಜಾಗದಿಂದ ಒತ್ತಿ ಹಿಡಿದರೂ ಅವರಿಗೆ ಸುಡುತ್ತಿರಲಿಲ್ಲ. ಚರ್ಚಿನ ಹೆಂಗಸರು ಅದನ್ನು ನೋಡಿ, "ಪಾಪ, ಎಷ್ಟು ವರ್ಷ ಅಡುಗೆಮನೇಲಿ ದುಡಿದಿದ್ದೀರಿ" ಎಂದರೆ ಆಂಟಿಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. "ಅಡುಗೆ ಅಲ್ಲ ಮಾರಾಯ್ತಿ, ಆಟ. ಒಂಬತ್ತು ವರ್ಷ ವಿಡಿಯೋ ಗೇಮ್ ಆಡಿ ಬಂದದ್ದು ಇದು. ಕೆಲಸ ಅದು, ಕೆಲಸ!" ಎನ್ನುತ್ತಿದ್ದರು. ಹೆಂಗಸರು ನಗುತ್ತಿದ್ದರು. ಆಂಟಿ ನಗುತ್ತಿರಲಿಲ್ಲ.

ಅದರಲ್ಲಿ ನಗುವಂಥದ್ದು ಏನೂ ಇಲ್ಲ ಎಂದು ತಿಳಿಯಲು ನನಗೂ ಬಹಳ ಕಾಲ ಹಿಡಿಯಿತು. ನನ್ನ ಆ ತಪ್ಪಿನ ಮೇಲಿನ ಸಿಟ್ಟೂ ಸೇರಿಕೊಂಡು, ಇದನ್ನು ನಾನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನಾನು ಮೈಸೂರಿನಿಂದ ಆಸ್ಟ್ರೇಲಿಯಾದ ಪರ್ತ್‌ಗೆ ಬಂದದ್ದು ಬೆಂಟ್ಲಿಯ ವಿಶ್ವವಿದ್ಯಾಲಯದಲ್ಲಿ ಗೇಮ್ ತಯಾರಿಸುವುದನ್ನು ಕಲಿಯಲು. ಮೊದಲ ಆರು ತಿಂಗಳು ಐವರು ಹುಡುಗಿಯರ ಜೊತೆ ಒಂದು ಬಾಡಿಗೆ ಮನೆಯಲ್ಲಿದ್ದೆ. ಫ್ರಿಜ್ಜಿನಲ್ಲಿಟ್ಟ ಮೊಸರಿನ ಡಬ್ಬಿಯ ಮೇಲೂ ಹೆಸರು ಬರೆದಿಡಬೇಕಾದ ಮನೆ. ಅಲ್ಲಿಂದ ತಪ್ಪಿಸಿಕೊಂಡು ಕ್ಯಾನಿಂಗ್ ವೇಲ್ ಬಡಾವಣೆಯಲ್ಲಿ ಆಂಟಿಯ ಮನೆಯ ಹಿಂದಿನ ಕೋಣೆಗೆ ಬಾಡಿಗೆಗೆ ಸೇರಿದೆ. ಆಂಟಿ ಉಡುಪಿ ಕಡೆಯ ಕ್ರೈಸ್ತರು. ಗಂಡನ ಕೆಲಸದ ಹಿಂದೆ ಕುವೈತ್‌ಗೆ, ಅಲ್ಲಿಂದ ಇಂಗ್ಲೆಂಡಿಗೆ, ಕೊನೆಗೆ ಪರ್ತ್‌ಗೆ ಬಂದವರು. ನಾನು ಹೋಗುವ ಹೊತ್ತಿಗೆ ಅಂಕಲ್ ತೀರಿಕೊಂಡಿದ್ದರು. ಒಬ್ಬಳೇ ಮಗಳು ಬ್ರಿಸ್ಬೇನ್ ಆಚೆಯ ಇಪ್ಸ್‌ವಿಚ್‌ನಲ್ಲಿ ಆಸ್ಪತ್ರೆಯ ಡಾಕ್ಟರು. ಆಂಟಿ ಕ್ಯಾನಿಂಗ್ ವೇಲ್‌ನ ಕೈಗಾರಿಕಾ ಪ್ರದೇಶದ ಒಂದು ಗೋದಾಮಿಗೆ ಹೋಗಿ ದಿನವಿಡೀ ಪೆಟ್ಟಿಗೆಗಳಿಗೆ ಲೇಬಲ್ ಅಂಟಿಸುತ್ತಿದ್ದರು.

ಕೋಣೆ ತೋರಿಸುವಾಗ, "ಎಂತ ಓದುದು ನೀನು?" ಎಂದು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ಮಾಡಿದ್ದು ಏನಾದ್ರೂ ಉಂಟಾ? ತೋರಿಸು."

ನನ್ನ ಮೊದಲ ಆಟ ಅದು. ಒಂದು ಹಳೆಯ ಕೋಟೆಯಲ್ಲಿ ನಡೆಯುತ್ತ ದೀಪಗಳನ್ನು ಹಚ್ಚುತ್ತ ಹೋಗಬೇಕು. ತರಗತಿಯಲ್ಲಿ ಎಲ್ಲರೂ ಹೊಗಳಿದ್ದರು. ಆಂಟಿ ಕನ್ನಡಕ ಹಾಕಿಕೊಂಡು ಕಂಟ್ರೋಲರ್ ಹಿಡಿದರು. ಬೇರೆ ಯಾರಾದರೂ ಆಗಿದ್ದರೆ ದೀಪದ ಕಡೆ ಹೋಗುತ್ತಿದ್ದರು. ಇವರು ಎಡಕ್ಕೆ ತಿರುಗಿ ಆಟದ ನಾಯಕಿಯನ್ನು ಗೋಡೆಗೆ ಒತ್ತಿದರು. ಒಂದು ಗೇಣು ಸರಿದು ಮತ್ತೆ ಒತ್ತಿದರು. ಹೀಗೇ ಹತ್ತು ನಿಮಿಷ. ನಾಲ್ಕನೇ ಗೋಡೆಯಲ್ಲಿ ನನ್ನ ನಾಯಕಿ ಕಲ್ಲಿನೊಳಗೆ ನುಗ್ಗಿ ಆಚೆಯ ಬಿಳಿ ಶೂನ್ಯಕ್ಕೆ ಬಿದ್ದುಹೋದಳು. ಆಂಟಿ "ಹ್ಞೂಂ" ಎಂದು ಆಟವನ್ನು ಮತ್ತೆ ಶುರು ಮಾಡಿ, ನಾಯಕಿಯನ್ನು ಬಾಗಿಲ ಬಳಿ ನಿಲ್ಲಿಸಿ, ಕಂಟ್ರೋಲರನ್ನು ಸೋಫಾದ ಮೇಲಿಟ್ಟು ಬಂಗುಡೆ ಹುರಿಯಲು ಎದ್ದುಹೋದರು. ನನಗೆ ಅವಮಾನವಾಯಿತು. ಬೇಜಾರು ಬಂದು ಬಿಟ್ಟರು ಎಂದುಕೊಂಡೆ. ಕೈ ಒರೆಸಿಕೊಳ್ಳುತ್ತ ವಾಪಸು ಬಂದಾಗ ಪರದೆ ಕಲ್ಲಿನ ಹಾಗೆ ನಿಂತುಹೋಗಿತ್ತು. ಯಾವ ಗುಂಡಿ ಒತ್ತಿದರೂ ಅಲುಗಾಡಲಿಲ್ಲ.

"ನೋಡು ಮಗಾ, ನೀನು ಇದನ್ನು ಆಡುವವರಿಗೆ ಮಾಡಿದ್ದಿ. ಬಿಟ್ಟು ಹೋಗುವವರಿಗೆ ಮಾಡ್ಲೇ ಇಲ್ಲ. ಅಮ್ಮ ಊಟಕ್ಕೆ ಕರೀತಾಳೆ, ಮಕ್ಕಳು ಹಾಗೇ ಎದ್ದು ಹೋಗ್ತಾರೆ. ಅಷ್ಟು ಹೊತ್ತು ಆಟ ಒಬ್ಬಂಟಿ ಕೂತು ಎಂತ ಮಾಡ್ತದೆ? ಅದನ್ನು ಯಾರೂ ನೋಡುದಿಲ್ಲ."

ಎರಡು ವರ್ಷದ ಪಾಠದಲ್ಲಿ ಯಾವ ಮೇಷ್ಟರೂ ನನಗೆ ಇದನ್ನು ಹೇಳಿಕೊಡಲಿಲ್ಲ.

ಇಂಗ್ಲೆಂಡಿನ ಉತ್ತರದ ಒಂದು ಊರಿನಲ್ಲಿ, ರತ್ನಗಂಬಳಿ ಗೋದಾಮಿನ ಮೇಲಿನ ಮಹಡಿಯಲ್ಲಿ ಇಪ್ಪತ್ತು ಜನರ ಒಂದು ಗೇಮ್ ಸ್ಟುಡಿಯೋ ಇತ್ತಂತೆ. ಆಂಟಿ ಅಲ್ಲಿಗೆ ಫೋನ್ ಎತ್ತುವ ಕೆಲಸಕ್ಕೆ ಸೇರಿದವರು. ಫೋನ್ ಬರದ ಹೊತ್ತಿನಲ್ಲಿ ಮುಂದಿನ ಮೇಜಿನ ಮೇಲೆ ಅತಿಥಿಗಳಿಗೆಂದು ಇಟ್ಟಿದ್ದ ಆಟವನ್ನು ಆಡಿ, ಸಂಜೆಗೆ ಏಳು ತಪ್ಪುಗಳನ್ನು ಕಾಗದದಲ್ಲಿ ಬರೆದು ಕೊಟ್ಟರು. ಮರುವಾರ ಫೋನಿಗೆ ಬೇರೆಯವರು ಬಂದರು. ಆಂಟಿ ಆಟದ ತಪ್ಪು ಹುಡುಕುವ ಟೆಸ್ಟರ್ ಆದರು. ಆ ಸ್ಟುಡಿಯೋಗೆ ಇದ್ದದ್ದು ಅವರೊಬ್ಬರೇ ಟೆಸ್ಟರ್.

ಆಟವನ್ನು ಸುಮ್ಮನೆ ಬಿಟ್ಟು ಕಾಯುವುದು ಅವರ ಪದ್ಧತಿಯಾಗಿತ್ತು. ಆ ಹೊತ್ತನ್ನು ಅವರು ಗಡಿಯಾರದಲ್ಲಿ ಅಳೆಯುತ್ತಿರಲಿಲ್ಲ. ಜಪಸರದಲ್ಲಿ ಅಳೆಯುತ್ತಿದ್ದರು. ಕೈಯಲ್ಲಿ ಮಣಿಸರ ಹಿಡಿಯದೆ, ಬೆರಳ ಗೆಣ್ಣಿನಲ್ಲಿ ಎಣಿಸುತ್ತ, ಕಣ್ಣು ಪರದೆಯ ಮೇಲೆ ನೆಟ್ಟು ಒಂದೊಂದೇ ಪ್ರಾರ್ಥನೆ ಹೇಳುವುದು. ಹತ್ತು ಮಣಿಯ ಐದು ಸುತ್ತು ಮುಗಿದರೆ ಒಂದು ಜಪಸರ. ಸುಮಾರು ಇಪ್ಪತ್ತು ನಿಮಿಷ. "ಸುಮ್ನೆ ಕೂತು ಗೋಡೆ ನೋಡುದಕ್ಕಿಂತ ಒಂದು ಪುಣ್ಯದ ಕೆಲಸವೂ ಆಯ್ತಲ್ಲ" ಎನ್ನುತ್ತಿದ್ದರು. ವರದಿಗಳಲ್ಲೂ ಹಾಗೇ ಬರೆಯುತ್ತಿದ್ದರು: ಗುಹೆಯ ಬಾಗಿಲಲ್ಲಿ ಎರಡು ಸುತ್ತು ಕಾದರೆ ನೆರಳು ಮಾಯವಾಗುತ್ತದೆ. ಮೊದಮೊದಲು ಪ್ರೋಗ್ರಾಮರುಗಳು ತಲೆ ಕೆರೆದುಕೊಂಡರು. ಆಮೇಲೆ ಅವರಿಗೂ ಅಭ್ಯಾಸವಾಗಿ, ದೇವರನ್ನೇ ನಂಬದ ಹುಡುಗರೂ "ಒಂದು ಜಪಸರ ಬಿಟ್ಟು ನೋಡೋಣ" ಎನ್ನತೊಡಗಿದರಂತೆ. ಇದನ್ನು ಹೇಳುವಾಗ ಮಾತ್ರ ಆಂಟಿಯ ಮುಖ ಅರಳುತ್ತಿತ್ತು.

ಆ ಸ್ಟುಡಿಯೋ ಈಗ ಇಲ್ಲ. ಅದರ ಬಗ್ಗೆ ಇಂಟರ್ನೆಟ್ಟಿನಲ್ಲಿ ಯಾರೋ ಅಭಿಮಾನಿಗಳು ಬರೆದ ಪುಟವೊಂದನ್ನು ಒಮ್ಮೆ ಓದಿ ಹೇಳಿದೆ: "ಕೊನೆಯ ಆಟದ ಸೋಲಿನ ನಂತರ ಸ್ಟುಡಿಯೋ ಬಾಗಿಲು ಮುಚ್ಚಿತು." ಆಂಟಿ ಚಾಕು ಕೆಳಗಿಟ್ಟರು.

"ಬಾಗಿಲು ತನ್ನಷ್ಟಕ್ಕೇ ಮುಚ್ಕೊಳ್ತದಾ? ಯಾರೋ ಮುಚ್ಚಿದ್ದು. ಮುಚ್ಚಿದವರ ಹೆಸರು ಬರೀಲಿಕ್ಕೆ ಅವರಿಗೆ ಕೈ ಬರುದಿಲ್ಲ."

"ಏನಾಯ್ತು ಆಂಟಿ?" ಎಂದೆ. "ಎಂತದೂ ಇಲ್ಲ, ಈರುಳ್ಳಿ ಕೊಡು" ಎಂದರು. ಅಷ್ಟು ಒಳ್ಳೆಯ ಟೆಸ್ಟರ್ ಯಾಕೆ ಲೇಬಲ್ ಅಂಟಿಸುತ್ತಿದ್ದಾರೆ ಎಂದು ಕೇಳುವ ಬುದ್ಧಿಯೂ ಆಗ ನನಗಿರಲಿಲ್ಲ. ಈ ದೇಶಕ್ಕೆ ಬಂದ ನಮ್ಮವರಲ್ಲಿ ಅರ್ಧ ಜನ ಓದಿದ್ದೊಂದು, ಮಾಡುವುದೊಂದು. ಇವರದೂ ಹಾಗೇ ಎಂದುಕೊಂಡೆ.

ಓದು ಮುಗಿಸಿ ಅಡಿಲೇಡ್‌ನ ಒಂದು ಸಣ್ಣ ಗೇಮ್ ಕಂಪನಿ ಸೇರಿದೆ. ನಾಲ್ಕು ವರ್ಷದಲ್ಲಿ, ಯಾವ ಕೆಲಸ ಯಾವಾಗ ಮುಗಿಯಬೇಕು ಎಂದು ನಿರ್ಧರಿಸುವ ಕುರ್ಚಿಗೆ ಬಂದೆ. ಶನಿವಾರಗಳಂದು ಆಂಟಿಗೆ ಫೋನ್ ಮಾಡುವ ರೂಢಿಯಿತ್ತು. ಒಂದು ಶನಿವಾರ ನಗುತ್ತ ಹೇಳಿದೆ:

"ನಮ್ ಟೆಸ್ಟರ್ ಒಬ್ಳು ಇದ್ದಾಳೆ ಆಂಟಿ, ಬ್ರಿಸ್ಬೇನ್‌ನಲ್ಲಿ ಮನೇಲಿ ಕೂತ್ಕೊಂಡು ದಿನಾ ಒಂದೊಂದು ರಿಪೋರ್ಟ್ ಕಳಿಸ್ತಾಳೆ. ಆಟದಲ್ಲಿ ಮಳೆ ಬರೋವಾಗ ಮೂರು ಸಲ ಬಾಗ್ಲು ತೆಗ್ದು ಹಾಕಿದ್ರೆ ಶಬ್ದಾನೇ ನಿಂತೋಗುತ್ತಂತೆ. ಯಾರಾದ್ರೂ ಹಂಗ್ ಮಾಡ್ತಾರಾ? ನಾವು ಟ್ರೈ ಮಾಡಿದ್ವಿ, ಆಗ್ಲಿಲ್ಲ. 'ನಮಗೆ ಕಾಣಿಸಲಿಲ್ಲ' ಅಂತ ಹಾಕಿ ಕ್ಲೋಸ್ ಮಾಡ್ಬಿಟ್ಟೆ. ಶುಕ್ರವಾರ ರಿಲೀಸ್ ಇತ್ತಲ್ಲ."

"ಎಷ್ಟು ಸಲ ಟ್ರೈ ಮಾಡಿದ್ದು?"

"ಎರಡು ಸಲ."

"ಅವಳನ್ನು ಕೇಳಿದ್ಯಾ, ಹೇಗೆ ಮಾಡಿದ್ದು ಅಂತ?"

"ಟೈಮ್ ಎಲ್ಲಿತ್ತು ಆಂಟಿ..."

"ನೀನೂ ಅವರ ಹಾಗೇ ಆದಿ" ಎಂದು ಫೋನ್ ಇಟ್ಟುಬಿಟ್ಟರು.

ಮೂರು ವಾರ ನನ್ನ ಕರೆ ಎತ್ತಲಿಲ್ಲ. ಯಾರ ಹಾಗೆ ಆದೆ ಎಂದು ನನಗೆ ತಿಳಿಯಲಿಲ್ಲ. ನಾಲ್ಕನೇ ವಾರ ಚರ್ಚಿನ ಭಾನುವಾರದ ಪೂಜೆ ಮುಗಿಸಿ ಬಂದು ಅವರೇ ಫೋನ್ ಮಾಡಿದರು. "ಕೂತ್ಕೊ. ನಿಂಗೆ ಒಂದು ವಿಷ್ಯ ಹೇಳುದುಂಟು. ಮಧ್ಯೆ ಬಾಯಿ ಹಾಕ್ಬೇಡ."

ಸ್ಟುಡಿಯೋದ ಕೊನೆಯ ಆಟದಲ್ಲಿ ಟಪಾಲು ಹೊತ್ತ ಹುಡುಗಿಯೊಬ್ಬಳು ಕತ್ತೆಯ ಮೇಲೆ ಕೂತು ಕಣಿವೆಗಳನ್ನು ದಾಟುತ್ತಾಳೆ. ಅರ್ಧ ಮುಗಿಯುವಷ್ಟರಲ್ಲಿ ಲಂಡನ್ನಿನ ದೊಡ್ಡ ಕಂಪನಿಯೊಂದು ಸ್ಟುಡಿಯೋವನ್ನು ಕೊಂಡುಕೊಂಡು, ಕ್ರಿಸ್‌ಮಸ್‌ಗೆ ಮೊದಲು ಆಟ ಅಂಗಡಿಯಲ್ಲಿರಬೇಕು ಎಂದು ಹಟ ಹಿಡಿಯಿತು. ಹೊಸ ಯಜಮಾನನೊಬ್ಬನನ್ನು ಕಳಿಸಿತು. ಆಟ ಅಂಗಡಿಗೆ ಹೋಗಲು ಎರಡು ವಾರ ಉಳಿದಿದ್ದಾಗ ಆಂಟಿ ಮೂರನೇ ಸೇತುವೆಯ ಮುಂದೆ ಕತ್ತೆಯನ್ನು ನಿಲ್ಲಿಸಿ ಜಪಸರ ಶುರು ಮಾಡಿದರು. ಐದನೇ ಸುತ್ತು ಮುಗಿಯುವಾಗ ಆಟ ತನ್ನಷ್ಟಕ್ಕೆ ತಾನು ಎಲ್ಲವನ್ನೂ ಉಳಿಸಿಡಲು ಹೋಗಿ, ಉಳಿಸಿಟ್ಟಿದ್ದನ್ನೆಲ್ಲ ಅಳಿಸಿಹಾಕಿತು. ಮೊದಲ ಕಣಿವೆಯಿಂದ ಅಲ್ಲಿಯವರೆಗೆ ಆಡಿದ್ದು ಪೂರ್ತಿ ಮಾಯ. ಒಂದು ಮಗು ಎರಡು ತಿಂಗಳು ಆಡಿದ್ದು, ಅದು ಅನ್ನ ತಿಂದು ಕೈ ತೊಳೆದು ಬರುವಷ್ಟರಲ್ಲಿ ಇಲ್ಲ.

ಆಂಟಿ ವರದಿ ಬರೆದರು. ಇದನ್ನು ಸರಿಮಾಡದೆ ಆಟವನ್ನು ಹೊರಗೆ ಬಿಡಬಾರದು ಎಂದೂ ಬರೆದರು. ಹೊಸ ಯಜಮಾನ ಸೇತುವೆಯ ಮುಂದೆ ಐದು ನಿಮಿಷ ಕಾದ. ಏನೂ ಆಗಲಿಲ್ಲ. ವರದಿಯ ಕೆಳಗೆ ಹೀಗೆ ಬರೆದು ಮುಚ್ಚಿದ: "ನಮಗೆ ಕಾಣಿಸಲಿಲ್ಲ. ಜಪಸರ ಎನ್ನುವುದು ಅಳತೆಯಲ್ಲ. ಇದು ಚರ್ಚ್ ಅಲ್ಲ."

ಮುಚ್ಚುವುದೆಂದರೆ, ಇನ್ನು ಯಾರೂ ಇದರ ಮೇಲೆ ಕೆಲಸ ಮಾಡಬೇಕಾಗಿಲ್ಲ ಎಂದು ಗುರುತು ಹಾಕುವುದು. ಆಂಟಿ ಅತ್ತುಕೊಂಡು ಕೂರುವ ಪೈಕಿ ಅಲ್ಲ. ಮರುದಿನ ಅಂಕಲ್‌ನ ಕೈಗಡಿಯಾರ ಕಟ್ಟಿಕೊಂಡು ಹೋಗಿ, ಮೂರು ಸಲ ಕಾದು, ಮೂರು ಸಲವೂ ಆಗಿದ್ದನ್ನು ನಿಮಿಷ ಸೆಕೆಂಡು ಸಮೇತ ಬರೆದು ಎರಡನೇ ವರದಿ ಕೊಟ್ಟರು. ಅದರ ಕೆಳಗೆ ಅವನು ಬರೆದದ್ದು ಇಷ್ಟೇ: "ಈಗಾಗಲೇ ಮುಚ್ಚಿರುವ ವರದಿಯ ನಕಲು." ಅದನ್ನೂ ಮುಚ್ಚಿದ.

ಈ ಎರಡು ಸಾಲನ್ನು ನಾನು ಎಷ್ಟು ಸಲ ನೆನೆದರೂ ಮೈ ಉರಿಯುತ್ತದೆ. ಮೊದಲನೆಯದನ್ನು ಸುಳ್ಳು ಎಂದು ಮುಚ್ಚಿದ. ಎರಡನೆಯದನ್ನು, ಮೊದಲನೆಯದು ಮುಚ್ಚಿದೆ ಎಂದು ಮುಚ್ಚಿದ. ಇಂಥ ಜಾಣತನಕ್ಕೆ ಸಂಬಳವೂ ಹೆಚ್ಚು, ಕೋಣೆಯೂ ಬೇರೆ.

ಆಟ ಅಂಗಡಿಗೆ ಹೋಯಿತು. ಕ್ರಿಸ್‌ಮಸ್ ದಿನ ಮಕ್ಕಳೆಲ್ಲ ಊಟಕ್ಕೆ ಎದ್ದರು. ಮುಂದಿನದನ್ನು ಹೇಳಬೇಕಾಗಿಲ್ಲ. ಪತ್ರಿಕೆಗಳು ಕಿಡಿಕಾರಿದವು, ಅಂಗಡಿಗಳು ಆಟವನ್ನು ವಾಪಸು ಕಳಿಸಿದವು, ಲಂಡನ್ನಿನ ಕಂಪನಿ ಸ್ಟುಡಿಯೋವನ್ನು ಮುಚ್ಚಿತು. ಆಮೇಲೆ ಆಂಟಿ ಎರಡು ಕಡೆ ಟೆಸ್ಟರ್ ಕೆಲಸ ಕೇಳಲು ಹೋದರು. ಹಿಂದಿನ ಆಟ ಯಾವುದು ಎಂದು ಕೇಳಿ, ಉತ್ತರ ಬಂದೊಡನೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ವರದಿಗಳ ಪ್ರತಿ ಆಂಟಿಯ ಬಳಿ ಇರಲಿಲ್ಲ. ಕಂಪನಿಯ ಕಾಗದ ಮನೆಗೆ ಒಯ್ಯಬಾರದು ಎಂಬ ನಿಯಮವಿತ್ತು. ನಿಯಮ ಎಂದರೆ ನಿಯಮ ಎಂದು ನಂಬಿದ್ದವರು ಅವರು. ಮೂರನೇ ಕಡೆ ಹೋಗಲಿಲ್ಲ.

"ನಂಗೆ ಕೆಲಸ ಹೋದದ್ದಕ್ಕೆ ಸಿಟ್ಟಿಲ್ಲ ಮಗಾ. ಎಷ್ಟೋ ಜನರದ್ದು ಹೋಗ್ತದೆ. ನಾನು ನೋಡ್ಲಿಲ್ಲ ಅಂತ ಹೇಳ್ತಾರಲ್ಲ, ಅದು. ನಾನು ನೋಡಿದ್ದೆ."

ಸೋಮವಾರ ಆಫೀಸಿಗೆ ಹೋದವಳೇ ನಾನು ಮುಚ್ಚಿದ್ದ ವರದಿಯನ್ನು ತೆರೆದೆ. ಬ್ರಿಸ್ಬೇನ್‌ನ ಆ ಹುಡುಗಿಗೆ ಫೋನ್ ಮಾಡಿ, ಹೇಗೆ ಮಾಡಿದೆ ಎಂದು ಕೇಳಿದೆ. ಹದಿನೈದು ನಿಮಿಷದಲ್ಲಿ ನನ್ನೆದುರಿಗೇ ಶಬ್ದ ನಿಂತುಹೋಯಿತು. ಕ್ಷಮೆ ಕೇಳಿದೆ. ಅವಳು ಆಶ್ಚರ್ಯದಿಂದ, ತನ್ನ ಬಳಿ ಈವರೆಗೆ ಯಾರೂ ಕ್ಷಮೆ ಕೇಳಿರಲಿಲ್ಲ ಎಂದಳು.

ಆಂಟಿಗೆ ಹೃದಯದ ತೊಂದರೆ ಶುರುವಾಗಿ, ಮಗಳು ಅವರನ್ನು ಇಪ್ಸ್‌ವಿಚ್‌ಗೆ ಕರೆದುಕೊಂಡು ಹೋದಳು. ಅದೇ ವರ್ಷ ಕತ್ತೆಯ ಆಟವನ್ನು ಹೊಸ ಯಂತ್ರಗಳಿಗೆ ಹೊಂದಿಸಿ ಮತ್ತೆ ಬಿಡುಗಡೆ ಮಾಡಿದರು. ತಪ್ಪೇನೋ ಸರಿಹೋಗಿತ್ತು. ಆದರೆ ಅದರ ಜೊತೆಗೆ ಸ್ಟುಡಿಯೋದ ಇತಿಹಾಸ ಎಂದು ಒಂದು ಗಂಟೆಯ ಚಿತ್ರವೂ ಬಂತು. ಆಂಟಿ ನನಗೆ ಫೋನ್ ಮಾಡಿ, "ನೀನು ಬಾ. ಸ್ಯಾಟರ್ಡೇ ಆರ್ವೊ, ಮಧ್ಯಾಹ್ನ ಊಟ ಆದ್ಮೇಲೆ ನೋಡುವ. ಮಗಳಿಗೂ ಡ್ಯೂಟಿ ಇಲ್ಲ" ಎಂದರು. ಅಡಿಲೇಡ್‌ನಿಂದ ಬ್ರಿಸ್ಬೇನ್‌ಗೆ ಹಾರಿ, ಅಲ್ಲಿಂದ ರೈಲು ಹಿಡಿದು ಹೋದೆ.

ಆಂಟಿ ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು ಸೋಫಾದ ಮೇಲೆ ಕೂತಿದ್ದರು. ಚಿತ್ರದಲ್ಲಿ ಗೋದಾಮಿನ ಮೆಟ್ಟಿಲು ಕಂಡಾಗ, "ನೋಡು, ನೋಡು, ಅಲ್ಲೇ ನನ್ನ ಕೊಡೆ ಇಡ್ತಿದ್ದದ್ದು" ಎಂದರು. ಹುಡುಗರು ಒಬ್ಬೊಬ್ಬರಾಗಿ ಬಂದರು, ಎಲ್ಲರ ತಲೆಯೂ ಬೆಳ್ಳಗಾಗಿತ್ತು. ಕೊನೆಗೆ ಆ ಯಜಮಾನ ಬಂದ. ಹೂದೋಟದಲ್ಲಿ ಕೂತು, ಚಹಾ ಕುಡಿಯುತ್ತ, ಬಹಳ ದುಃಖದ ಮುಖ ಮಾಡಿ ಹೇಳಿದ: "ಅದ್ಭುತವಾದ ಆಟ ಅದು. ಆದರೆ ಪರೀಕ್ಷೆ ಮಾಡುವವರ ಕಣ್ಣು ತಪ್ಪಿತು. ಅದು ನಮ್ಮೆಲ್ಲರ ದುರದೃಷ್ಟ."

ಆಂಟಿ ಚಿತ್ರ ನಿಲ್ಲಿಸಲು ಹೇಳಿ, ಆ ಮಾತನ್ನು ಮತ್ತೆ ಹಾಕಿಸಿ ಕೇಳಿದರು. ಅವರ ಕುತ್ತಿಗೆಯ ನರ ಉಬ್ಬಿತ್ತು. ಮಗಳು ನಾಡಿ ನೋಡಲು ಕೈ ಹಿಡಿದುಕೊಂಡು, "ಮಮ್, ಪ್ಲೀಸ್. ಲೆಟ್ ಇಟ್ ಗೋ. ಇಟ್ಸ್ ಜಸ್ಟ್ ಎ ಗೇಮ್" ಎಂದಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಮಾತಾಡುವುದು ಇಂಗ್ಲಿಷಿನಲ್ಲೇ.

ಆಂಟಿ ಕೈ ಕಿತ್ತುಕೊಂಡರು. "ನಿನ್ನ ಪೇಶೆಂಟಿಗೆ ಎಂತದೋ ಉಂಟು ಅಂತ ನೀನು ರಿಪೋರ್ಟು ಬರೆದದ್ದು. ಎರಡು ಸಲ ಬರೆದದ್ದು. ದೊಡ್ಡ ಡಾಕ್ಟ್ರು ಅದನ್ನು ಡ್ರಾಯರಿಗೆ ಹಾಕಿದ. ಪೇಶೆಂಟ್ ಹೋದ. ಮತ್ತೆ ಟೀವಿಯಲ್ಲಿ ಕೂತು, ಈ ಹುಡುಗಿ ನೋಡ್ಲೇ ಇಲ್ಲ ಅಂತ ಅವನೇ ಹೇಳಿದ್ರೆ? ಜಸ್ಟ್ ಎ ಪೇಶೆಂಟ್ ಅಂತೀಯಾ ನೀನು?"

ಮಗಳು ಟೀವಿ ಆರಿಸಿ, "ಯೂ ನೆವರ್ ಟೋಲ್ಡ್ ಮಿ, ಮಮ್" ಎಂದಳು. ಆ ಒಂಬತ್ತು ವರ್ಷದ ಕೊನೆಯಲ್ಲಿ ತಾಯಿಗೆ ಏನಾಗಿತ್ತು ಎಂಬುದು ಅವಳಿಗೆ ಗೊತ್ತಾದದ್ದು ಆ ಮಧ್ಯಾಹ್ನ.

ಆಂಟಿ ಕೇಳಿದ್ದು ಹೆಚ್ಚೇನಲ್ಲ. "ಒಂದು ಸಾಲು ಸಾಕು. ಟೆಸ್ಟರ್ ನೋಡಿದ್ರು, ಹೇಳಿದ್ರು, ಅಂತ. ನನ್ನ ಹೆಸರೂ ಬೇಡ." ನಾನು ಆ ಚಿತ್ರ ಮಾಡಿದ ಕಂಪನಿಗೆ ಬರೆದೆ. ನಡೆದದ್ದನ್ನೆಲ್ಲ ಬರೆದೆ. ಉತ್ತರ ಬಂತು: ನಿಮ್ಮ ಅಭಿಮಾನಕ್ಕೆ ಧನ್ಯವಾದ, ನಿಮ್ಮ ಅಭಿಪ್ರಾಯವನ್ನು ಸಂಬಂಧಪಟ್ಟವರಿಗೆ ತಲುಪಿಸಿದ್ದೇವೆ. ಅಭಿಪ್ರಾಯವಂತೆ! ಮತ್ತೆ ಬರೆದೆ. ಈ ವಿಷಯಕ್ಕೆ ಈಗಾಗಲೇ ಉತ್ತರಿಸಲಾಗಿದೆ ಎಂದು ಬಂತು. ಫೋನಿನಲ್ಲಿ ಓದಿ ಹೇಳಿದಾಗ ಆಂಟಿ ಜೋರಾಗಿ ನಕ್ಕರು. "ನೋಡು, ಇವರದ್ದೂ ಅದೇ ಶಾಲೆ" ಎಂದರು. ನಕ್ಕು ನಕ್ಕು ಕೆಮ್ಮು ಬಂತು. ನನಗೆ ನಗು ಬರಲಿಲ್ಲ. ಆ ಯಜಮಾನನ ವಿಳಾಸ ಹುಡುಕಿ ಅವನಿಗೇ ನೇರವಾಗಿ ಬರೆದೆ. ಸುದ್ದಿಯಿಲ್ಲ. ಆಂಟಿ ಪ್ರತಿ ಶನಿವಾರ, "ಎಂತಾದ್ರೂ ಬಂತಾ?" ಎಂದು ಕೇಳುತ್ತಿದ್ದರು. ಇಲ್ಲ ಎಂದು ನಾನು ಒಂಬತ್ತು ತಿಂಗಳು ಹೇಳಿದೆ. ಕೊನೆಕೊನೆಗೆ ಅವರು ಕೇಳುವ ಮೊದಲೇ ನಾನು ಬೇರೆ ಮಾತು ತೆಗೆಯುತ್ತಿದ್ದೆ.

ಆಂಟಿ ತೀರಿಕೊಂಡದ್ದು ಮಗಳು ಕೆಲಸ ಮಾಡುವ ಆಸ್ಪತ್ರೆಯಲ್ಲೇ, ಒಂದು ಬೆಳಿಗ್ಗೆ. ನಾನು ತಲುಪುವಷ್ಟರಲ್ಲಿ ಮುಗಿದಿತ್ತು. ಸಮಾಧಿಯಾದ ಆರನೇ ದಿನ ಯಜಮಾನನ ಉತ್ತರ ಬಂತು. ತುಂಬಾ ಮರ್ಯಾದೆಯ ಪತ್ರ. ಅವನು ಬರೆದಿದ್ದ: ಅವರು ಹೇಳಿದ್ದು ಸರಿಯಿತ್ತು, ಆ ಎರಡು ವರದಿಗಳನ್ನೂ ಮುಚ್ಚಿದ್ದು ನಾನೇ, ಮೇಲಿನವರ ಒತ್ತಡವಿತ್ತು, ಈಗ ನನಗೂ ವಯಸ್ಸಾಯಿತು, ನಾನು ಕ್ಷಮೆ ಕೇಳಿದೆನೆಂದು ದಯವಿಟ್ಟು ಅವರಿಗೆ ತಿಳಿಸಿ, ಇದು ನಮ್ಮಿಬ್ಬರ ನಡುವೆ ಇರಲಿ.

ನಾನು ಉತ್ತರ ಬರೆದೆ: "ಅವರು ಹೋದರು. ಸುಳ್ಳನ್ನು ನೀವು ಎಲ್ಲರ ಮುಂದೆ ಹೇಳಿದಿರಿ. ಕ್ಷಮೆಯನ್ನು ಮಾತ್ರ ನನ್ನ ಕಿವಿಯಲ್ಲಿ ಹೇಳುತ್ತಿದ್ದೀರಿ. ಎಲ್ಲಿ ಸುಳ್ಳು ಹೇಳಿದಿರೋ ಅಲ್ಲೇ ನಿಜವನ್ನೂ ಹೇಳಿ." ಮಗಳು ಅದನ್ನು ಓದಿ, ಕೆಳಗೆ ತನ್ನ ಹೆಸರನ್ನೂ ಸೇರಿಸಲು ಹೇಳಿದಳು. ಅವನಿಂದ ಮತ್ತೆ ಪತ್ರ ಬಂದಿಲ್ಲ. ಚಿತ್ರ ಈಗಲೂ ಹಾಗೇ ಇದೆ. ಯಾರು ಬೇಕಾದರೂ ನೋಡಬಹುದು, ಅವನು ಚಹಾ ಕುಡಿಯುವುದನ್ನು.

ಆದ್ದರಿಂದ ಮೂರನೇ ವರದಿಯನ್ನು ನಾನು ಬರೆಯುತ್ತಿದ್ದೇನೆ. ನಾನು ತಿನ್ನುವ ಅನ್ನ ಆಂಟಿ ಕಲಿಸಿದ ವಿದ್ಯೆಯದು. ಇಷ್ಟೂ ಮಾಡದಿದ್ದರೆ ಹೇಗೆ?

ಹಳೆಯ ಆಟ ಯಾರ ಬಳಿಯಾದರೂ ಇದ್ದರೆ ಹಾಕಿ. ಮೂರನೇ ಸೇತುವೆಗೆ ಹೋಗಿ. ಕತ್ತೆಯನ್ನು ನಿಲ್ಲಿಸಿ, ಕೈ ತೆಗೆಯಿರಿ. ಒಂದು ಜಪಸರದ ಹೊತ್ತು ಕಾಯಿರಿ, ಪೂರ್ತಿ ಕಾಯಿರಿ. ಎಲ್ಲ ಅಳಿಸಿಹೋಗುತ್ತದೆ. ಇದನ್ನು ಟೆಸ್ಟರ್ ನೋಡಿದ್ದರು. ಆಟ ಅಂಗಡಿಗೆ ಹೋಗುವ ಎರಡು ವಾರ ಮೊದಲು ನೋಡಿದ್ದರು, ಎರಡು ಸಲ ಬರೆದು ಕೊಟ್ಟಿದ್ದರು. ಅವರ ಕಣ್ಣು ತಪ್ಪಿರಲಿಲ್ಲ.